ಕೊಳಲು ಇದೆಯೋ, ಇಲ್ಲವೋ?

"ಕೊಳಲಾ? ಈ ಹಾಡಲ್ಲಿ ಕೊಳಲು ಎಲ್ಲಿದೆ?" ಅಣ್ಣ ಕಿವಿಯಿಂದ ಇಯರ್‌ಫೋನ್ ತೆಗೆದು ತಂಗಿಯ ಮುಖ ನೋಡಿದ.

"ಇದೆ. ಹಾಡೋರು ನಿಲ್ಲಿಸ್ತಾರಲ್ಲ, ಆಗ ಬರುತ್ತೆ," ಎಂದಳು ಬುಗುರಿ.

"ಆಗ ಬರೋದು ಗಿಟಾರ್."

"ಗಿಟಾರಾ? ನಿನ್ನ ತಲೆ. ಇದರಲ್ಲಿ ಗಿಟಾರ್ ಇಲ್ವೇ ಇಲ್ಲ."

ಸ್ಕೂಲ್ ಬಸ್ಸು ತಿರುವಿನಲ್ಲಿ ವಾಲಿತು. ಇಬ್ಬರೂ ವಾಲಿದರು, ಜಗಳ ಮಾತ್ರ ಕೂತಲ್ಲೇ ಕೂತಿತ್ತು.

ಬುಗುರಿ ಎಂದು ಹೆಸರಿಟ್ಟವನು ಅಣ್ಣನೇ. ಅವಳು ಒಂದು ಕಡೆ ನಿಂತದ್ದನ್ನು ನೋಡಿದವರಿಲ್ಲ. ಅವಳು ಗಪ್‌ಚಿಪ್ಪಾಗಿ ಕೂರುವುದು ಬಸ್ಸಿನಲ್ಲಿ ಹಾಡು ಕೇಳುವಾಗ ಮಾತ್ರ. ಚಿಕ್ಕಪ್ಪ ಕೊಟ್ಟ ಒಂದು ಹಳೆಯ ಪುಟ್ಟ ಪ್ಲೇಯರ್ ಅವರ ಹತ್ತಿರವಿತ್ತು. ಅದಕ್ಕೆ ಸ್ವಂತ ಬಾಯಿಲ್ಲ, ಇಯರ್‌ಫೋನ್ ಸಿಕ್ಕಿಸಿದರೆ ಮಾತ್ರ ಹಾಡುತ್ತಿತ್ತು. ಅಮ್ಮನ ನಿಯಮ ಎರಡು. ಬಸ್ಸಿನಲ್ಲಿ ಮಾತ್ರ ಕೇಳಬೇಕು, ಇಬ್ಬರೂ ಒಟ್ಟಿಗೆ ಕೇಳಬೇಕು.

ಹಾಗಾಗಿ ಕಿಟಕಿ ಪಕ್ಕದ ಅಣ್ಣನಿಗೆ ಇಯರ್‌ಫೋನಿನ ಒಂದು ತುಂಡು, ಇತ್ತ ಕಡೆ ಕೂತ ಬುಗುರಿಗೆ ಇನ್ನೊಂದು. ಎರಡು ವರ್ಷದಿಂದ ಅದೇ ಸೀಟು, ಅದೇ ತುಂಡು. ಇಬ್ಬರಿಗೂ ಇಷ್ಟವಾದದ್ದು ದೋಣಿ ಹಾಡು. ಅದನ್ನು ಅವರು ನೂರು ಸಲವಾದರೂ ಕೇಳಿರಬೇಕು. ಇವತ್ತು ಬುಗುರಿ ಅದರ ಕೊಳಲನ್ನು ಬಾಯಲ್ಲೇ "ಲಲಲಾ" ಎಂದು ಗುನುಗಿದ್ದೇ ತಪ್ಪಾಯಿತು.

"ಸುಳ್ಳಿ," ಎಂದ ಅಣ್ಣ.

"ನೀನು ಸುಳ್ಳ."

ಮನೆ ಬಾಗಿಲಿಗೆ ಬಂದರೂ ಅದೇ ಮಾತು. ಅಮ್ಮ ಪ್ಲೇಯರ್ ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು. ಜಗಳ ಮುಗಿಯೋವರೆಗೂ ಇದು ಇಲ್ಲೇ ಇರಲಿ," ಎಂದಳು.

"ಭಾನುವಾರ ಗೊತ್ತಾಗುತ್ತೆ ಬಿಡು," ಎಂದ ಅಣ್ಣ.

ಭಾನುವಾರ ಅವರ ಹಾಲ್‌ನ ಸೀಲಿಂಗಿಗೆ ಸ್ಪೀಕರ್ ಕೂರಿಸುವವರು ಬರುವುದಿತ್ತು. ಹಾಲ್ ಎಷ್ಟು ಚಿಕ್ಕದೆಂದರೆ, ಇನ್ನೊಂದು ಪೆಟ್ಟಿಗೆ ಇಟ್ಟರೆ ನಾವು ಹೊರಗೆ ನಿಲ್ಲಬೇಕು ಎಂದು ಅಮ್ಮ ಹೇಳಿದ್ದಳು. ಅದಕ್ಕೇ ಸೀಲಿಂಗಿನ ಒಳಗೇ ಅಡಗಿಕೊಳ್ಳುವ ಸ್ಪೀಕರ್. ಅಂಗಡಿಯಲ್ಲಿ ಅಪ್ಪ ಎಲ್ಲಕ್ಕಿಂತ ದೊಡ್ಡದನ್ನೇ ತಬ್ಬಿಕೊಂಡು ನಿಂತಿದ್ದರು. "ಸರ್, ಇಷ್ಟು ಚಿಕ್ಕ ಹಾಲ್‌ಗೆ ಇದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ," ಎಂದು ಅಂಗಡಿಯವರು ಚಿಕ್ಕದೊಂದು ಜೋಡಿ ತೆಗೆದುಕೊಟ್ಟರು. ಕೊನೆಗೆ ಒಂದು ಮಾತನ್ನೂ ಹೇಳಿದರು: "ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಹಾಡು ಹಾಕಿ ಟೆಸ್ಟ್ ಮಾಡಿಸಿ."

ಚೆನ್ನಾಗಿ ಗೊತ್ತಿರುವ ಹಾಡೆಂದರೆ ದೋಣಿ ಹಾಡೇ.

"ಪಂದ್ಯ ಕಟ್ಟು," ಎಂದ ಅಣ್ಣ. "ಸ್ಪೀಕರಿನಲ್ಲಿ ಕೊಳಲು ಬರಲಿಲ್ಲ ಅಂದ್ರೆ ನೀನು ಇನ್ಮೇಲೆ ನನ್ನ ಸೀಟಿಗೆ ಬರೋ ಹಾಗಿಲ್ಲ. ಈ ವರ್ಷ ಪೂರ್ತಿ."

"ಕಟ್ಟಿದೆ," ಎಂದಳು ಬುಗುರಿ, ಒಂದು ಕ್ಷಣವೂ ಯೋಚಿಸದೆ. ಯೋಚನೆ ಬಂದದ್ದು ಮರುದಿನ ಬಸ್ಸಿನಲ್ಲಿ. ಅಣ್ಣ ಹಿಂದಿನ ಸೀಟಿನಲ್ಲಿ ಗೆಳೆಯರ ಜೊತೆ ನಗುತ್ತಿದ್ದ. ಅವರ ಸೀಟಿನಲ್ಲಿ ಬುಗುರಿ ಒಬ್ಬಳೇ ಇದ್ದಳು. ಕಿಟಕಿ ಪೂರ್ತಿ ಅವಳದೇ. ಆದರೂ ಹೊರಗೆ ನೋಡಬೇಕು ಅನಿಸಲಿಲ್ಲ. ವರ್ಷ ಪೂರ್ತಿ ಹೀಗೇ ಆದರೆ ಎಂದು ನೆನೆದು ಅವಳಿಗೆ ಅಳು ಬಂತು.

ಭಾನುವಾರ ಬೆಳಿಗ್ಗೆ ಬಾಗಿಲಿಗೆ ಮೊದಲು ಬಂದದ್ದು ಒಂದು ಏಣಿ. ಅದರ ಹಿಂದೆ ಅದನ್ನು ಹೊತ್ತ ಒಬ್ಬ ಅಕ್ಕ. ಸೊಂಟದ ಪಟ್ಟಿಯಲ್ಲಿ ಸ್ಕ್ರೂಡ್ರೈವರುಗಳು, ಕಿವಿಯ ಮೇಲೆ ಪೆನ್ಸಿಲ್. ಅವಳಿಗೆ ಆಗಲೇ 'ಏಣಿ ಅಕ್ಕ' ಎಂದು ಹೆಸರು ಬಿತ್ತು.

ಏಣಿ ಅಕ್ಕ ಮೇಲೆ ಹತ್ತಿ ಸೀಲಿಂಗನ್ನು ಬೆರಳಿನಿಂದ ಟಕ್ ಟಕ್ ಎಂದು ತಟ್ಟಿದಳು.

"ಬಾಗಿಲು ತಟ್ಟಿದ ಹಾಗೆ ತಟ್ತೀರಲ್ಲ, ಒಳಗೆ ಯಾರಿದ್ದಾರೆ?" ಎಂದು ಕೇಳಿದಳು ಬುಗುರಿ.

"ಕಂಬಿ ಇದ್ದಾನೆ," ಎಂದಳು ಏಣಿ ಅಕ್ಕ. "ಟೊಳ್ಳು ಸದ್ದು ಬಂದ್ರೆ ಬರೀ ಬೋರ್ಡು, ಕೊಯ್ಯಬಹುದು. ಗಟ್ಟಿ ಸದ್ದು ಬಂದ್ರೆ ಹಿಂದೆ ಕಂಬಿ ಇದೆ ಅಂತ."

"ಒಂದು ಸ್ಪೀಕರ್ ಸರಿಯಾಗಿ ನನ್ನ ಕುರ್ಚಿ ಮೇಲೇ ಬರಲಿ," ಎಂದರು ಅಪ್ಪ.

"ಬೇಡ ಸರ್, ನೆತ್ತಿ ಮೇಲೇ ಹಾಡ್ತಾ ಕೂತರೆ ಮಜಾ ಇರಲ್ಲ. ಈ ಕಡೆ ಒಂದು, ಆ ಕಡೆ ಒಂದು ಇರಲಿ. ನೀವು ನಡುವೆ ಕೂತ್ಕೊಳ್ಳಿ."

ಅವಳು ದುಂಡಗಿನ ರಟ್ಟನ್ನು ಸೀಲಿಂಗಿಗೆ ಒತ್ತಿ ಹಿಡಿದು ಸುತ್ತ ಗೆರೆ ಎಳೆದಳು. ಪುಟ್ಟ ಗರಗಸದಿಂದ ಗೆರೆಯ ಮೇಲೇ ಕೊಯ್ದಳು. ಕೆಳಗೆ ಏಣಿ ಹಿಡಿದು ನಿಂತಿದ್ದ ಅಪ್ಪನ ಮೇಲೆ ಬಿಳಿ ಪುಡಿ ಸುರಿಯಿತು. ಕೆಲಸ ಮುಗಿಯುವ ಹೊತ್ತಿಗೆ ಅಪ್ಪ ಹಿಟ್ಟಿನ ಗಿರಣಿಯಿಂದ ಬಂದವರ ಹಾಗಿದ್ದರು. ಅಮ್ಮ ಬೆಡ್‌ಶೀಟ್ ಹಾಸಿದ್ದು ಸೋಫಾದ ಮೇಲೆ, ಅಪ್ಪನ ಮೇಲಲ್ಲ.

ಎರಡು ತೂತಿನಿಂದಲೂ ಕೆಂಪು ಕಪ್ಪು ವೈರುಗಳು ಇಳಿಬಿದ್ದವು. ಏಣಿ ಅಕ್ಕ ಮೊದಲು ಒಂದು ಸ್ಪೀಕರ್ ಜೋಡಿಸಿ ಮೇಲಕ್ಕೇರಿಸಿದಳು. "ಮೊದಲು ಇದು ಹಾಡುತ್ತಾ ನೋಡೋಣ. ನಿಮ್ಮ ಹಾಡು ಕೊಡಿ," ಎಂದಳು.

ಅಮ್ಮ ಬೀರುವಿನಿಂದ ಪ್ಲೇಯರ್ ತಂದು, ಸ್ಪೀಕರಿನ ವೈರು ಬಂದು ಸೇರುವ ಗೋಡೆ ಪಕ್ಕದ ಪುಟ್ಟ ಆಂಪ್ಲಿಫೈಯರಿಗೆ ಸಿಕ್ಕಿಸಿದಳು. ಬುಗುರಿಯ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು.

ಮೇಲಿನಿಂದ ದೋಣಿ ಹಾಡು ಇಳಿದು ಬಂತು. ಹಾಡುವವರು ಎರಡು ಸಾಲು ಹಾಡಿ ನಿಲ್ಲಿಸಿದರು.

ಟಿಂಗ್ ಟಿಂಗ್ ಟಿಡಿಂಗ್. ಗಿಟಾರ್.

ಕೊಳಲು ಬರಲಿಲ್ಲ. ಎರಡನೇ ಸಲ ನಿಲ್ಲಿಸಿದಾಗಲೂ ಬರಲಿಲ್ಲ.

"ಕೇಳಿದ್ಯಾ?" ಅಣ್ಣ ಕುಣಿದೇಬಿಟ್ಟ. "ಸೋತೆ ಅಂತ ಒಪ್ಕೋ."

ಬುಗುರಿಗೆ ಕಣ್ಣು ಉರಿಯಿತು. ಕಣ್ಣಿಗೆ ಪುಡಿ ಬಿತ್ತು ಎಂದು ಹೇಳಬಹುದಿತ್ತು, ಹೇಳಲಿಲ್ಲ. ತನ್ನ ಕಿವಿಯೇ ತನಗೆ ಸುಳ್ಳು ಹೇಳಿತೇ? ನೂರು ಸಲವೂ?

"ಗಿಟಾರ್ ಇದೆ," ಎಂದಳು ಮೆಲ್ಲಗೆ. "ಇಲ್ಲ ಅಂದಿದ್ದು ನನ್ನ ತಪ್ಪು. ಆದ್ರೆ ಕೊಳಲೂ ಇದೆ ಅಣ್ಣ. ನಾನು ಕೇಳಿದೀನಿ."

ಏಣಿಯ ಮೇಲಿಂದ ಏಣಿ ಅಕ್ಕ ಬಗ್ಗಿ ನೋಡಿದಳು. "ಏನು ಪಂಚಾಯ್ತಿ ಅಲ್ಲಿ?"

ಅಣ್ಣ ಪಂದ್ಯದ ವಿಷಯ ಪೂರ್ತಿ ಹೇಳಿದ. ಏಣಿ ಅಕ್ಕ ಕೇಳಿ, "ತೀರ್ಪು ಸ್ವಲ್ಪ ತಡ್ಕೊಳ್ಳಿ ಸ್ವಾಮಿ. ಇನ್ನೊಂದು ಸ್ಪೀಕರ್ ಕೂರಿಸ್ತೀನಿ," ಎಂದಳು. ಏಣಿಯನ್ನು ಆ ಕಡೆಗೆ ಸರಿಸಿ, ಎರಡನೆಯದನ್ನು ಮೇಲೇರಿಸಿ ಬಿಗಿ ಮಾಡಿದಳು. ಆಮೇಲೆ ಕೆಳಗಿಳಿದು ಆಂಪ್ಲಿಫೈಯರಿನಿಂದ ಮೊದಲನೆಯದರ ವೈರನ್ನು ಕಳಚಿದಳು. "ಈಗ ಇದೊಂದೇ," ಎಂದು ಹಾಡನ್ನು ಮೊದಲಿನಿಂದ ಹಾಕಿದಳು.

ಎರಡು ಸಾಲು ಮುಗಿಯಿತು. ಹಾಡುವವರು ನಿಲ್ಲಿಸಿದರು.

ಆ ಮೂಲೆಯ ಸೀಲಿಂಗಿನಿಂದ ಕೊಳಲು ಬಂತು. ಲಲಲಾ. ಬುಗುರಿ ಬಸ್ಸಿನಲ್ಲಿ ಗುನುಗಿದ್ದೂ ಅದೇ. ಗಿಟಾರಿನ ಸುಳಿವೇ ಇರಲಿಲ್ಲ.

ಅಣ್ಣನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ನಿಮ್ಮ ಇಯರ್‌ಫೋನ್ ಕೊಡಿ," ಎಂದಳು ಏಣಿ ಅಕ್ಕ. ಎರಡು ತುಂಡುಗಳನ್ನೂ ಅಂಗೈಯಲ್ಲಿಟ್ಟು ತೋರಿಸಿದಳು. ಅವುಗಳ ಮೇಲೆ ಇರುವೆಯಷ್ಟು ಚಿಕ್ಕ ಅಕ್ಷರಗಳಿದ್ದವು. "ಇದು ಲೆಫ್ಟು, ಇದು ರೈಟು. ಗಿಟಾರನ್ನ ಲೆಫ್ಟಿನೊಳಗೆ ಹಾಕಿದಾರೆ, ಕೊಳಲನ್ನ ರೈಟಿನೊಳಗೆ. ಲೆಫ್ಟು ಯಾರ ಕಿವಿಗೆ?"

"ನನ್ನ ಕಿವಿಗೆ," ಎಂದ ಅಣ್ಣ.

"ಯಾವಾಗಲೂ?"

"ಯಾವಾಗಲೂ."

ಅಣ್ಣ ಬುಗುರಿಯನ್ನು ನೋಡಿದ. ಬುಗುರಿ ಅಣ್ಣನನ್ನು ನೋಡಿದಳು. ಎರಡು ವರ್ಷ ಒಂದೇ ಹಾಡನ್ನು ಇಬ್ಬರೂ ಅರ್ಧರ್ಧ ಕೇಳಿದ್ದರು.

ಏಣಿ ಅಕ್ಕ ಕಳಚಿದ ವೈರನ್ನು ಮತ್ತೆ ಜೋಡಿಸಿದಳು. ಈ ಕಡೆಯಿಂದ ಗಿಟಾರ್, ಆ ಕಡೆಯಿಂದ ಕೊಳಲು. ಒಂದು ಕೇಳಿದರೆ ಇನ್ನೊಂದು ಉತ್ತರ ಕೊಡುತ್ತಿತ್ತು. ಬುಗುರಿ ಹಾಲ್‌ನ ನಡುವೆ ಅಲ್ಲಾಡದೆ ನಿಂತಿದ್ದಳು.

"ಹಾಗಾದ್ರೆ ಪಂದ್ಯದಲ್ಲಿ ಸೋತವರು ಯಾರು?" ಎಂದು ಅಪ್ಪ ತಲೆಯ ಪುಡಿ ಕೊಡವುತ್ತಾ ಕೇಳಿದರು.

"ಇಬ್ಬರೂ," ಎಂದಳು ಅಮ್ಮ. "ತಗೊಳ್ಳಿ, ಎರಡು ಪೊರಕೆ ಇದೆ."

ಸೋಮವಾರ ಬಸ್ಸಿನಲ್ಲಿ ಅಣ್ಣ ಸೀದಾ ಹಳೆಯ ಸೀಟಿಗೆ ಬಂದು ಕಿಟಕಿ ಪಕ್ಕ ಕೂತ. ಸುಳ್ಳಿ ಅಂದಿದ್ದಕ್ಕೆ ಸಾರಿ ಎಂದು ಹೇಳಲಿಲ್ಲ. ತನ್ನ ತುಂಡನ್ನು ಅವಳ ಕೈಗಿಟ್ಟು, "ಇವತ್ತು ಇದು ನಿನಗೆ," ಎಂದ. ಬುಗುರಿಗೆ ಅಷ್ಟೇ ಸಾಕಾಗಿತ್ತು.

ಗಿಟಾರ್ ಅವಳ ಕಿವಿಯಲ್ಲಿ ಟಿಂಗ್ ಎಂದಿತು. ಬಸ್ಸು ಸಿಗ್ನಲಿನಲ್ಲಿ ನಿಂತಿತು.

"ಏ, ಅಲ್ಲಿ ಸ್ಕೂಟರ್ ಮೇಲೆ ಒಂದು ನಾಯಿ ಹೆಲ್ಮೆಟ್ ಹಾಕ್ಕೊಂಡು ಕೂತಿದೆ," ಎಂದ ಅಣ್ಣ.

'ಸುಳ್ಳು' ಎಂಬ ಮಾತು ಬುಗುರಿಯ ನಾಲಿಗೆಯ ತುದಿಯವರೆಗೂ ಬಂದಿತ್ತು. ಅವಳು ಕೂತ ಜಾಗದಿಂದ ಕಾಣುತ್ತಿದ್ದದ್ದು ಅಣ್ಣನ ಕಿವಿ ಮತ್ತು ಮುಂದಿನ ಸೀಟಿನ ಬೆನ್ನು, ಅಷ್ಟೇ.

"ಸ್ವಲ್ಪ ಜರುಗು," ಎಂದಳು ಬುಗುರಿ. "ಆ ಕಡೆಯಿಂದ ನೋಡ್ತೀನಿ."