ಮಲಗಿಸದ ಕಲ್ಲು

ಭಾನುವಾರ ಬೆಳಿಗ್ಗೆ ಏಳೂವರೆಗೆ ಬೇವಿನಕುಂಟೆಯ ಭೀಮೇಶ್ವರ ಗುಡಿಯ ಅರ್ಚಕ ಪಂಚಾಕ್ಷರಿ ಠಾಣೆಗೆ ಓಡಿಬಂದರು. ಹಣೆಯ ವಿಭೂತಿ ಬೆವರಿಗೆ ಅರ್ಧ ಇಳಿದಿತ್ತು. ಇನ್‌ಸ್ಪೆಕ್ಟರ್ ಚನ್ನವೀರಪ್ಪ ಆಗಷ್ಟೇ ಚಹಾದ ಲೋಟ ಕೈಗೆತ್ತಿಕೊಂಡಿದ್ದರು.

“ಸಾರ್, ಆಣೆಗಲ್ಲು ಇಲ್ಲ.”

“ಯಾವ ಕಲ್ಲು?”

“ಗುಡಿ ಅಂಗಳದ್ದು ಸಾರ್. ಅದನ್ನ ಮುಟ್ಟಿ ಸುಳ್ಳು ಹೇಳಿದೋರು ವರ್ಷ ತುಂಬೋದ್ರೊಳಗೆ ಹೋಗ್ತಾರೆ. ನಿನ್ನೆ ಮಧ್ಯಾಹ್ನ ಪೂಜೆ ಮುಗಿಸಿ ನೆಂಟರ ಮನೆಗೆ ಹೋಗಿದ್ದೆ. ಈಗ ಬಂದ್ ನೋಡಿದ್ರೆ ಬರೀ ಗುಂಡಿ.”

ಹೆಡ್ ಕಾನ್‌ಸ್ಟೆಬಲ್ ಆಶಾರಾಣಿ ದೂರು ಬರೆದುಕೊಂಡರು. ಪೂಜಾಸ್ಥಳದಲ್ಲಿ ಕಳ್ಳತನವೆಂದು ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಚಹಾ ಆರಿಹೋಯಿತು.

ಹೆಬ್ಬಗೋಡಿ ದಾಟಿ ಒಳಗೆ ಹೋದರೆ, ಒಂದು ಕಂಪನಿಯ ಗೋಡೆಗೂ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೂ ನಡುವೆ ಆ ಗುಡಿ ಸಿಗುತ್ತದೆ. ಭೀಮ ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟನಂತೆ; ಕೋಳಿ ಕೂಗಿಬಿಟ್ಟಿತಂತೆ; ಅದಕ್ಕೇ ಗೋಪುರ ಅರ್ಧಕ್ಕೆ ನಿಂತಿದೆಯಂತೆ. ಪಾಂಡವರು ತಂಗದ ಊರು ಈ ನಾಡಿನಲ್ಲಿ ಎಲ್ಲಿದೆ? ವನವಾಸದಲ್ಲಿ ಪಾಪ ಅವರು ಕಣ್ಣು ಮುಚ್ಚಿದ್ದೇ ಇಲ್ಲವೆಂದು ಕಾಣುತ್ತದೆ. ಭೀಮೇಶ್ವರನ ಎಡಕ್ಕೆ ಭೈರವ, ಬಲಕ್ಕೆ ಮೂಗು ಸವೆದ ಸಪ್ತಮಾತೃಕೆಯರು. ಬೇವಿನ ಮರದಡಿ ಸೊಂಟದೆತ್ತರದ ಆಣೆಗಲ್ಲು ಇರಬೇಕಿತ್ತು.

ಗುಂಡಿಯ ಅಂಚಿನಲ್ಲಿ ಹಾರೆಯ ಗುರುತುಗಳಿದ್ದವು. ಕಲ್ಲನ್ನು ಎಳೆದ ಗುರುತು ಎಲ್ಲೂ ಇರಲಿಲ್ಲ. ಗುಂಡಿಯ ತಳದಲ್ಲಿ ತಂಬಿಟ್ಟಿನ ಆರತಿಯೊಂದಿತ್ತು. ಬತ್ತಿ ಉರಿದು ಕಪ್ಪಾಗಿತ್ತು, ಇರುವೆ ಮುತ್ತಿತ್ತು.

“ಕಳ್ಳ ಆರತಿ ಬೆಳಗಿ ಹೋಗ್ಯಾನಲ್ರೀ,” ಎಂದರು ಚನ್ನವೀರಪ್ಪ. ಪಂಚನಾಮೆಯಲ್ಲಿ ಅದನ್ನೂ ಬರೆಸಿದರು. ಶನಿವಾರ ಸಂಜೆ ಅಂಗಳಕ್ಕೆ ಆಡಲು ಬಂದ ಮಕ್ಕಳೂ ಬರೀ ಗುಂಡಿಯನ್ನೇ ಕಂಡಿದ್ದರಂತೆ; ಹಾಗಾಗಿ ಕಲ್ಲು ಹೋದದ್ದು ಮಧ್ಯಾಹ್ನವೇ.

ಮೊದಲ ಅನುಮಾನ ಬಿದ್ದದ್ದು ಅಮರೇಶ್ ಮೇಲೆ. ದಾವಣಗೆರೆ ಕಡೆಯವನು, ಪಕ್ಕದ ಅಪಾರ್ಟ್‌ಮೆಂಟಿನವನು. ಕಂಪನಿಗೆ ರಜೆಯಿದ್ದಾಗಲೆಲ್ಲ ಬಂದು ಆ ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಮಸಿ ಬಡಿದು, ಅಕ್ಷರದ ಪಡಿಯಚ್ಚು ತೆಗೆಯುತ್ತಿದ್ದ. ಊರಿನವರಿಗೆ ಅವನು ನಿಧಿ ಹುಡುಕುವವನು. ಬೆಳಿಗ್ಗೆ ಹನ್ನೊಂದಕ್ಕೆ ಅವನ ಮನೆಯಲ್ಲಿ ವಿಚಾರಣೆ ನಡೆಯಿತು.

“ಆ ಕಲ್ಲಿಗೆ ಬೆಲೆ ಎಷ್ಟು?”

“ನನಗಾ ಸಾರ್? ಬೆಲೆ ಕಟ್ಟಾಕ ಆಗಲ್ಲ. ಮಾರೋರಿಗೆ ಏನೂ ಇಲ್ಲ. ಅದರ ಮ್ಯಾಲೆ ಚಂದದ ಗೊಂಬಿ ಇಲ್ಲ, ಬರೀ ಬರಹ ಐತಿ.”

“ಓದೀರೇನು?”

“ಅರ್ಧ ಆಗೇತಿ. ಎಣ್ಣೆ ಜಿಡ್ಡು ಭಾಳ. ಅಚ್ಚು ಇಲ್ಲೇ ಐತಿ, ಇವತ್ತು ನಾಳೆ ಮುಗಿಸ್ತೀನಿ.”

ಶನಿವಾರ ಮಧ್ಯಾಹ್ನ ಅವನು ವೈಟ್‌ಫೀಲ್ಡಿನ ಕಚೇರಿಯಲ್ಲಿದ್ದ ಎಂಬುದಕ್ಕೆ ಸಾಕ್ಷಿಯಿತ್ತು. ಚನ್ನವೀರಪ್ಪನವರು ಹಾಗೆಲ್ಲ ಯಾರನ್ನೂ ಸುಲಭಕ್ಕೆ ಬಿಡುವವರಲ್ಲ. ಅಚ್ಚಿನ ಕಾಗದವನ್ನು ಮೊಬೈಲಿನಲ್ಲಿ ಫೋಟೊ ಹಿಡಿದುಕೊಂಡೇ ಮೇಲೆದ್ದರು.

ಎರಡನೆಯ ಹೆಸರನ್ನು ಅರ್ಚಕರೇ ಬಾಯಿಬಿಟ್ಟರು, ಅದೂ ಆಶಾರಾಣಿ ಮೂರು ಸಲ ಕೆದಕಿದ ಮೇಲೆ.

“ನಾಳೆ ಸೋಮವಾರ ಆಣೆ ಇತ್ತು ಮೇಡಂ. ಚಿರಂಜೀವಿದು.”

ಚಿರಂಜೀವಿ ಊರಿನ ಮೂಲ ಒಕ್ಕಲು, ಈಗ ಕಾರ್ಮಿಕರಿಗೆ ರೂಮು ಕಟ್ಟಿ ಬಾಡಿಗೆ ಕೊಟ್ಟವನು. ಅವನ ಅಪ್ಪ ಹನುಮಂತರಾಯಪ್ಪ ತೀರಿಕೊಂಡು ಎರಡು ವರ್ಷ. ಗುಡಿ ಪಕ್ಕದ ಸೈಟನ್ನು ಅಪ್ಪ ಆಸ್ಪತ್ರೆಯಲ್ಲಿ ತನಗೆಂದು ಹೇಳಿಹೋದರು ಎನ್ನುತ್ತಿದ್ದಳು ಅಕ್ಕ ಭಾಗ್ಯಮ್ಮ. ಹೇಳಿದಾಗ ಹಾಸಿಗೆಯ ಪಕ್ಕದಲ್ಲಿದ್ದವನು ತಮ್ಮನೊಬ್ಬನೇ. ಅಂಥ ಮಾತೇ ಆಗಿಲ್ಲವೆಂದು ಅವನ ವಾದ. ಅರಳೀಕಟ್ಟೆಯಲ್ಲಿ ಹಿರಿಯರೆದುರು ಮಾತಿಗೆ ಮಾತು ಬೆಳೆದು, “ಹಂಗಾದ್ರೆ ಆಣೆಗಲ್ಲು ಮುಟ್ಟಿ ಹೇಳು” ಎಂದಿದ್ದಳು ಭಾಗ್ಯಮ್ಮ. “ಮುಟ್ತೀನಿ” ಎಂದಿದ್ದ ಅವನು. ಒದ್ದೆ ಬಟ್ಟೆಯಲ್ಲಿ ಬಂದು, ಎರಡೂ ಕೈಯಲ್ಲಿ ಕಲ್ಲು ಹಿಡಿದು ಹೇಳುವುದು ಅಲ್ಲಿಯ ಪದ್ಧತಿ.

ಆಣೆಗೆ ಇನ್ನೆರಡೇ ದಿನವಿರುವಾಗ ಕಲ್ಲು ಮಾಯ. ಊರು ಆಗಲೇ ತೀರ್ಪು ಕೊಟ್ಟಾಗಿತ್ತು. ಕುಂಬಳಕಾಯಿ ಕಳ್ಳನ ಹೆಗಲನ್ನು ಎಲ್ಲರೂ ನೋಡುತ್ತಿದ್ದರು.

ಮಧ್ಯಾಹ್ನ ಎರಡಕ್ಕೆ ಠಾಣೆಯ ಬೆಂಚಿನ ಮೇಲೆ ಕೂತ ಚಿರಂಜೀವಿ ಹೆಗಲು ಮುಟ್ಟಿಕೊಳ್ಳಲಿಲ್ಲ.

“ನಿನ್ನೆ ಮಧ್ಯಾಹ್ನ ಎಲ್ಲಿದ್ದಿ?”

“ಹೂಡೀಲಿ, ಫ್ರೆಂಡ್ ಮನೆ ಗೃಹಪ್ರವೇಶ. ಐನೂರು ಜನ ನೋಡಿದಾರೆ.”

“ಕಲ್ಲು ಇಲ್ಲದಿದ್ರೆ ಯಾರಿಗೆ ಲಾಭ?”

“ನಂಗಂತೂ ಅಲ್ಲ ಸಾರ್. ನಾನು ಆಣೆ ಇಡೋಕೆ ರೆಡಿ ಇದ್ದೆ. ಇಟ್ಟಿದ್ರೆ ನಾಳೆಗೇ ಮುಗೀತಿತ್ತು.”

“ಭಯ ಇರಲಿಲ್ಲೇನು?”

ಅವನು ನಕ್ಕ. “ಕಲ್ಲು ಏನ್ ಮಾಡುತ್ತೆ ಸಾರ್?”

ಆ ನಗು ಚನ್ನವೀರಪ್ಪನವರಿಗೆ ಹಿಡಿಸಲಿಲ್ಲ. ಇವನು ಸುಳ್ಳು ಹೇಳಲು ಸಿದ್ಧನಾಗಿದ್ದ ಎಂಬುದು ಆ ನಗುವಿನಲ್ಲೇ ಗೊತ್ತಾಗುತ್ತಿತ್ತು. ಆದರೆ ಕಲ್ಲಿಗೆ ಹೆದರದವನು ಕಲ್ಲನ್ನು ಕದಿಯುವುದೇಕೆ? ಅವರು ಅವನನ್ನು ಅಲ್ಲೇ ಕೂರಿಸಿ, ಕಂಪನಿ ಗೇಟಿನ ಸಿಸಿಟಿವಿ ನೋಡಲು ಹೋದರು.

ಶನಿವಾರ ಮಧ್ಯಾಹ್ನದ ಬಿಸಿಲಿನಲ್ಲಿ, ಗೇಟಿನ ಕಾವಲುಗಾರನ ಕಣ್ಣೆದುರೇ, ಒಂದು ಗೂಡ್ಸ್ ಆಟೊ ಗುಡಿಯ ಕಡೆಯಿಂದ ಬಂದಿತ್ತು. ಗುಡಿಯ ಜೀರ್ಣೋದ್ಧಾರದ ಕೆಲಸವೆಂದುಕೊಂಡು ಅವನು ಸುಮ್ಮನಿದ್ದನಂತೆ. ಆಟೊದ ಹಿಂಬದಿಯಲ್ಲಿ ಸೀರೆ ಸುತ್ತಿದ ಏನೋ ನೆಟ್ಟಗೆ ನಿಂತಿತ್ತು. ನಾಲ್ಕೂ ಕಡೆಯಿಂದ ಹಗ್ಗ ಬಿಗಿದಿದ್ದರು. ಕೊಡೆ ಹಿಡಿದ ಯಾರೋ ಪಕ್ಕದಲ್ಲಿ ಕೂತಿದ್ದರು, ಮುಖ ಕಾಣುತ್ತಿರಲಿಲ್ಲ. ರಸ್ತೆ ಉಬ್ಬು ಬಂದಾಗ ಆಟೊ ನಿಂತೇಬಿಟ್ಟು, ಆಮೇಲೆ ಆಮೆಯ ಹಾಗೆ ಹತ್ತಿ ಇಳಿಯಿತು.

“ಇಷ್ಟು ಭಾರದ ಕಲ್ಲನ್ನ ಯಾರಾದ್ರೂ ನಿಲ್ಲಿಸಿಕೊಂಡು ಒಯ್ತಾರೇನ್ರೀ?” ಚನ್ನವೀರಪ್ಪ ದೃಶ್ಯವನ್ನು ತಡೆದು ನಿಲ್ಲಿಸಿದರು. “ಮಲಗಿಸಿದ್ರೆ ಮೇಲೊಂದು ಟಾರ್ಪಾಲ್ ಹೊದಿಸಬಹುದಿತ್ತು. ಯಾರಿಗೂ ಕಾಣ್ತಿರಲಿಲ್ಲ.”

ಆಶಾರಾಣಿ ಅರ್ಚಕರಿಗೆ ಫೋನು ಹಚ್ಚಿದರು.

“ಅಯ್ಯೋ, ಮಲಗಿಸ್ಬಾರ್ದು ಮೇಡಂ! ಆಣೆಗಲ್ಲು ಮಲಗಿದ್ರೆ ಅಲ್ಲಿವರೆಗೂ ಇಟ್ಟ ಆಣೆಗಳೆಲ್ಲ ಎದ್ದು ಬರ್ತವೆ ಅಂತ ಹಿರೀಕರು ಹೇಳ್ತಾರೆ. ನಮ್ಮೂರಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು.”

ಹಾಗಾದರೆ ಕದ್ದವರು ಊರಿನಲ್ಲಿ ಹುಟ್ಟಿದವರು, ಮತ್ತು ಕಲ್ಲಿಗೆ ನಿಜವಾಗಿ ಹೆದರುವವರು. ಸಿಕ್ಕಿಬೀಳುವ ಭಯಕ್ಕಿಂತ ಆ ಭಯವೇ ದೊಡ್ಡದಾಗಿತ್ತು. ತಂಬಿಟ್ಟು ಮಾಡುವ ಕೈ ಯಾರದೆಂದು ಚನ್ನವೀರಪ್ಪನವರಿಗೆ ಈಗ ಒಂದು ಅಂದಾಜಿತ್ತು, ಆದರೆ ಅದು ಅವರಿಗೇ ನಂಬಿಕೆಯಾಗುತ್ತಿರಲಿಲ್ಲ. ಆಣೆ ಇಡು ಎಂದು ಹಟ ಹಿಡಿದವಳೇ ಕಲ್ಲನ್ನು ಕದಿಯುವುದುಂಟೆ?

ಆಟೊದ ನಂಬರು ಹಿಡಿದು ಹೋದರೆ ಅತ್ತಿಬೆಲೆಯ ಚಾಲಕ ನಲ್ಲಪ್ಪ ಸಿಕ್ಕಿದ.

“ಗುಡಿ ಕಮಿಟಿಯೋರು ಏಳವ್ರೆ, ಕಲ್ಲು ಸಾಗಿಸ್ಬೇಕು ಅಂದ್ರು ಸಾರ್. ಎತ್ತೋಕೆ ಅಮಾಲಿಗಳ್ನ ನಾನೇ ಕರ್ಕೊಂಡೋದೆ. ಕಳ್ಳತನ ಅಂತ ನಂಗೇನ್ ಗೊತ್ತು?”

“ಯಾರು ಅಂದ್ರು?”

“ನಮ್ ಬೀದಿ ಭಾಗ್ಯಕ್ಕ. ಮಲಗಿಸ್ಬೇಡ, ಮಲಗಿಸ್ಬೇಡ ಅಂತ ದಾರಿಯುದ್ದಕ್ಕೂ ಒಂದೇ ಜಪ. ಉಬ್ಬು ಬಂದಾಗ್ಲೆಲ್ಲ ಕಲ್ಲನ್ನ ಇಂಗೆ ತಬ್ಕೊಂಡ್ಬಿಡೋರು.”

ಸಂಜೆ ಐದಕ್ಕೆ ಅತ್ತಿಬೆಲೆಯ ಭಾಗ್ಯಮ್ಮನ ಮನೆಯ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಆಚೆ, ಆಣೆಗಲ್ಲು ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಮೈತುಂಬ ಅರಿಶಿನ, ಹೊಸ ಹೂವು. ಭಾಗ್ಯಮ್ಮ ಅಡಗಲಿಲ್ಲ, ಅಳಲೂ ಇಲ್ಲ. ಗಾರ್ಮೆಂಟ್ಸ್ ಕೆಲಸದಿಂದ ಸವೆದ ಬೆರಳುಗಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಎದುರಿಗೆ ಬಂದು ನಿಂತಳು.

“ಯಾಕಮ್ಮ? ಆಣೆ ಕೇಳಿದೋಳು ನೀನೇ ಅಲ್ಲೇನು?”

“ಸಿಟ್ಟಲ್ಲಿ ಕೇಳ್ಬಿಟ್ಟೆ ಸಾರ್. ಮುಟ್ತೀನಿ ಅಂದ್ಬಿಟ್ಟ ಅವ್ನು.”

“ಮುಟ್ಟಲಿ ಬಿಡು.”

“ಅಪ್ಪ ಏಳಿದ ರಾತ್ರೀನೇ ಅವ್ನೇ ಫೋನ್ ಮಾಡಿ ನಂಗೆ ಏಳಿದ್ದು. ಅಕ್ಕ, ಸೈಟು ನಿಂಗಂತೆ ಅಂತ. ಅಂಗಾದ್ರೆ ಅವ್ನು ಸುಳ್ಳೇ ಆಣೆ ಇಡ್ತಾನೆ ಅಂತ ನಂಗೊಬ್ಳಿಗೇ ಗೊತ್ತು.” ಅವಳು ಕಲ್ಲಿನ ಕಡೆ ನೋಡಿದಳು. “ವರ್ಷದೊಳಗೆ ಓಗ್ತಾನೆ ಸಾರ್. ಎತ್ಕೊಂಡು ಸಾಕಿದ ತಮ್ಮ ಅವ್ನು.”

“ಸೈಟು ಬೇಡ, ಆಣೆ ಬೇಡ ಅಂತ ಹೇಳಬಹುದಿತ್ತಲ್ಲ?”

“ಕೇಳ್ದೋರು ಇಂದಕ್ಕೆ ತಗೊಂಡ್ರೆ ಶಾಪ ಕೇಳ್ದೋರ ಮನೇಗೆ ಬರುತ್ತೆ. ನನ್ ಮಗಳು ತುಂಬಿದ ಬಸುರಿ. ಕಲ್ಲೇ ಇಲ್ದಿದ್ರೆ ಯಾರ್ಗೂ ಏನೂ ಆಗಲ್ಲ ಅಂದ್ಕೊಂಡೆ.”

ಆಶಾರಾಣಿ ಬಂಧನದ ಕಾಗದ ಬರೆಯುವಾಗ ಎರಡು ಸಲ ಪೆನ್ನು ನಿಲ್ಲಿಸಿದರು. ಕಾನೂನಿನಲ್ಲಿ ಅಕ್ಕಂದಿರಿಗೆಂದು ಬೇರೆ ಕಲಮಿಲ್ಲ. ಜಪ್ತಿ ಪಂಚನಾಮೆ ಮುಗಿಸಿ ಕಲ್ಲನ್ನು ಅದೇ ನಲ್ಲಪ್ಪನ ಆಟೊದಲ್ಲಿ ಠಾಣೆಗೆ ತಂದರು. ಮಲಗಿಸಿ ತನ್ನಿ ಎಂದು ಹೇಳಲು ಇನ್‌ಸ್ಪೆಕ್ಟರಿಗೂ ಬಾಯಿ ಬರಲಿಲ್ಲ.

ಕಲ್ಲು ಇದೇ ಎಂದು ಗುರುತಿಸಲು ಅಮರೇಶನನ್ನು ಕರೆಸಲಾಗಿತ್ತು. ಠಾಣೆಯ ಅಂಗಳದಲ್ಲಿ ಅವನು ಅಚ್ಚಿನ ಕಾಗದವನ್ನು ಕಲ್ಲಿನ ಪಕ್ಕ ಹಿಡಿದ. ಕಂಬಕ್ಕೆ ಒರಗಿ ಚಿರಂಜೀವಿ ನಿಂತಿದ್ದ. ಅಕ್ಕನನ್ನು ಜೀಪಿನಿಂದ ಇಳಿಸಿದ್ದನ್ನು ನೋಡಿ, ಅವಳು ಕಲ್ಲು ಕದ್ದದ್ದೇಕೆಂದು ಆಶಾರಾಣಿಯಿಂದ ಕೇಳಿದ ಮೇಲೆ ಅವನ ನಗು ಎಲ್ಲೋ ಹೋಗಿತ್ತು.

“ಪೂರ್ತಿ ಓದಿದ್ರೇನು?” ಎಂದು ಕೇಳಿದರು ಚನ್ನವೀರಪ್ಪ.

“ಓದಿದೆ ಸಾರ್. ಆಣೆ ಮಾತೇ ಇಲ್ಲ ಇದರಾಗ. ಬೀರಯ್ಯ ಅಂತ ಒಬ್ಬಾತ, ತೀರಿಕೊಂಡ ತನ್ನ ಅಕ್ಕ ಮಾರಬ್ಬೆ ಹೆಸರಿನಾಗ ಗುಡಿಯ ನಂದಾದೀಪಕ್ಕ ತೋಟ ಬಿಟ್ಟಾನ. ಕಡೀಗೆ, ಇದನ್ನ ಕೆಡಿಸಿದವರು ಹಾಳಾಗ್ತಾರ ಅಂತ ಶಾಪ ಬರಸ್ಯಾನ. ಎಲ್ಲಾ ದಾನಶಾಸನದಾಗೂ ಇರ್ತೈತಿ ಅದು.” ಅವನು ಕಾಗದ ಸುತ್ತಿದ. “ಊರಿಗೆ ಶಾಪ ಒಂದೇ ನೆನಪು ಉಳಿದೈತಿ. ಅಕ್ಕ ಮರೆತುಹೋಗ್ಯಾಳ.”

ಹೊಸೂರು ರಸ್ತೆಯಲ್ಲಿ ಶಿಫ್ಟಿನ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಚಿರಂಜೀವಿ ಕಂಬ ಬಿಟ್ಟು ಬಂದ. ಯಾರೂ ಹೇಳದೆಯೇ, ಎರಡೂ ಕೈ ಚಾಚಿ ಕಲ್ಲನ್ನು ಹಿಡಿದ.

“ಸೈಟು ಅಕ್ಕಂಗೆ ಅಂತಾನೇ ಅಪ್ಪ ಹೇಳಿದ್ದು ಸಾರ್. ಬರ್ಕೊಳಿ.”

ಬಾಗಿಲ ಬಳಿ ಆಶಾರಾಣಿಯ ಪಕ್ಕ ನಿಂತಿದ್ದ ಭಾಗ್ಯಮ್ಮ ಗಾಬರಿಯಿಂದ ಕೂಗಿದಳು, “ಕೈ ತೆಗಿಯೋ! ಸ್ನಾನ ಮಾಡಿಲ್ಲ ನೀನು!”

ಅವನು ಕೈ ತೆಗೆಯಲಿಲ್ಲ. ಕಲ್ಲಿಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತ. ಅರಿಶಿನ ಅವನ ಮುಖಕ್ಕೆಲ್ಲ ಮೆತ್ತಿಕೊಂಡಿತು.

ಮರುದಿನ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವ ಮುನ್ನ ಚನ್ನವೀರಪ್ಪ ಕೇಸ್ ಡೈರಿ ಬರೆದರು. ಕೃತ್ಯದ ಉದ್ದೇಶ ಎಂಬಲ್ಲಿ ಬಹಳ ಹೊತ್ತು ತಡೆದರು. ಕೊನೆಗೆ ಹೀಗೆ ಬರೆದರು: “ಆರೋಪಿಗೆ ಕಲ್ಲಿನ ಆಸೆಯಾಗಲಿ, ಸೈಟಿನ ಆಸೆಯಾಗಲಿ ಇರಲಿಲ್ಲ. ತಮ್ಮ ಬದುಕಿರಬೇಕೆಂಬುದಷ್ಟೇ ಇತ್ತು.”