ಅಪ್ಪನ ಕಾರಿನ ಬೀಗ

ಕೀ ತಿರುಗಲಿಲ್ಲ!

ಅವಳು ಇನ್ನೊಮ್ಮೆ ತಿರುಗಿಸಿದಳು. ಬೀಗ ಜಗ್ಗಲಿಲ್ಲ.

ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮ ಇದ್ದಳು. ಪಾರ್ಶ್ವವಾಯು ಬಡಿದ ಮೇಲೆ ಅವಳ ಕೈ ಮೇಲೇಳುವುದಿಲ್ಲ; ಲಾಕಿನ ಗುಂಡಿ ಎತ್ತಲಾರಳು. ಗಾಜುಗಳೆಲ್ಲ ಮುಚ್ಚಿದ್ದವು, ಮೇಲೆ ಸುಡುಬಿಸಿಲು. ಔಷಧಿ ತರಲು ಇಳಿದದ್ದು ಐದೇ ನಿಮಿಷ. ಆದರೂ ಅಭ್ಯಾಸದಂತೆ ಬಾಗಿಲು ಲಾಕ್ ಮಾಡಿಬಿಟ್ಟಿದ್ದಳು.

"ಅಮ್ಮಾ, ಇದೋ ತೆಗೆದೆ... ಹೆದರಬೇಡ!"

ಅಮ್ಮ ಬಾಯಿ ತೆರೆದು ಉಸಿರೆಳೆಯುತ್ತಿದ್ದಳು.

ಬೀದಿಯ ಆಚೆ ಬದಿಗೆ ಕೀ ಮಾಡುವವನ ಅಂಗಡಿ. ಒಂದು ವರ್ಷದಿಂದ ಅವಳು ಅತ್ತ ತಲೆಯೆತ್ತಿ ನೋಡಿರಲಿಲ್ಲ.

'ದೇವರೇ, ಅವನ ಬಾಗಿಲಿಗೇ ನನ್ನನ್ನು ಕಳಿಸಬೇಕಾ?'

ಅಷ್ಟರಲ್ಲಿ ಅವನೇ ಓಡಿ ಬಂದಿದ್ದ.

"ಗಾಜು ಒಡೀರಿ!" ಎಂದು ಕಿರುಚಿದಳು.

ಅವನು ಸುತ್ತಿಗೆಯನ್ನು ಅವಳ ಕೈಗೇ ಕೊಟ್ಟ. "ನೂರು ಎಣಿಸು. ಅಷ್ಟರಲ್ಲಿ ನನ್ನ ಕೈಲಿ ಆಗ್ಲಿಲ್ಲ ಅಂದ್ರೆ ಮುಂದಿನ ಬಾಗಿಲ ಗಾಜು ಒಡಿ."

ಕಿಟಕಿಯ ಸಂದಿಗೆ ಮರದ ಬೆಣೆ ಸಿಕ್ಕಿಸಿ, ಕೊಕ್ಕೆ ಬಾಗಿಸಿದ ತಂತಿ ಇಳಿಸಿದ.

"ನಲವತ್ತು... ಐವತ್ತು..."

ಕೊಕ್ಕೆ ಗುಂಡಿಗೆ ತಾಗಿ ಜಾರಿತು. ಮತ್ತೆ ಜಾರಿತು.

"ಎಂಬತ್ತು..." ಸುತ್ತಿಗೆ ಮೇಲೆದ್ದಿತು...

ಟಕ್! ಲಾಕಿನ ಗುಂಡಿ ಎದ್ದಿತ್ತು.

ಅಮ್ಮ ಅಂಗಡಿಯ ಫ್ಯಾನಿನ ಕೆಳಗೆ ಕೂತು ನೀರು ಕುಡಿದ ಮೇಲೆಯೇ ಅವಳಿಗೆ ಉಸಿರು ಬಂದದ್ದು. ಉಸಿರಿನ ಹಿಂದೆಯೇ ಹಳೆಯ ಸಿಟ್ಟೂ ಬಂತು.

"ಇದು ನೀವು ಮಾಡಿಕೊಟ್ಟ ಕೀನೇ! ಅಪ್ಪನಿಗೆ ಎದೆನೋವು ಬಂದ ದಿನಾನೂ ತಿರುಗಲಿಲ್ಲ."

ಅಂದು ಕಾಲು ಗಂಟೆ ಕಾರಿನ ಬಾಗಿಲಲ್ಲೇ ಕಳೆದುಹೋಗಿ, ಆಸ್ಪತ್ರೆ ಮುಟ್ಟುವ ಮೊದಲೇ ಅಪ್ಪನ ಉಸಿರು ನಿಂತಿತ್ತು. ಅವನೊಂದಿಗಿನ ಅವಳ ಮದುವೆಗೆ ಒಂದೇ ತಿಂಗಳು ಉಳಿದಿತ್ತು. 'ನಮ್ಮಪ್ಪನನ್ನು ತಿಂದದ್ದು ನಿಮ್ಮ ಕೀ!' ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿ, ಮದುವೆ ಮುರಿದಿದ್ದಳು. ಅವನು ಮರುಮಾತಾಡಿರಲಿಲ್ಲ. ತಪ್ಪು ಮಾಡಿದವನಿಗೆ ಬಾಯಿ ಎಲ್ಲಿಂದ ಬರಬೇಕು ಎಂದುಕೊಂಡಿದ್ದಳು. ಆ ಕೀಯನ್ನು ಮಾತ್ರ ಬಿಸಾಡಲಾಗಲಿಲ್ಲ. ಅಪ್ಪ ಕೊನೆಗೆ ಕೈಯಲ್ಲಿ ಹಿಡಿದದ್ದು ಅದನ್ನೇ.

ಅವನು ಕಾರಿನ ಬಳಿಗೆ ಹೋದ. ಬಾಗಿಲಿನ ಹಲಗೆ ಬಿಚ್ಚಿ ಬೀಗವನ್ನು ಅಂಗಡಿಗೆ ತಂದು ನೋಡಿದವನೇ, ಸರಕ್ಕನೆ ಅದಕ್ಕೆ ಬಟ್ಟೆ ಮುಚ್ಚಿದ.

"ತೋರಿಸಿ."

"ಬೇಡ."

ಅವಳು ಕಿತ್ತುಕೊಂಡಳು. ಒಳಗೆ ಕಪ್ಪು ಅಂಟು. ಆ ವಾಸನೆ... ತನ್ನ ಹೊಲಿಗೆ ಮಿಷನ್ನಿನ ಎಣ್ಣೆ!

ಪ್ರತಿ ಶುಕ್ರವಾರ ಮಿಷನ್ನಿಗೆ ಎಣ್ಣೆ ಬಿಡುವಾಗ ಅಪ್ಪನ ಕಾರಿನ ಬೀಗಕ್ಕೂ ನಾಲ್ಕು ಹನಿ ಬಿಟ್ಟವಳು ಅವಳೇ. ನಾಲ್ಕು ವರ್ಷ, ಒಂದು ವಾರವೂ ತಪ್ಪದೆ!

"ಇದು... ನಾನು ಮಾಡಿದ್ದಾ?"

"ಎಣ್ಣೆಗೆ ಧೂಳು ಕೂತು ಗಟ್ಟಿಯಾಗಿದೆ. ಬೀಗಕ್ಕೆ ಪೆನ್ಸಿಲ್ ಸೀಸದ ಪುಡಿ ಸಾಕು," ಎಂದ ಮೆಲ್ಲಗೆ. "ನನ್ನ ತಪ್ಪೂ ಇದೆ. ಬೀಗ ಬಿಚ್ಚಿ ಅಳತೆ ತಗೋಬೇಕಿತ್ತು. ನಿಮ್ಮಪ್ಪ ಅವಸರ ಮಾಡಿದ್ರು, ಸವೆದ ಕೀ ಇಟ್ಕೊಂಡೇ ಹೊಸದು ಕೊಯ್ದೆ. ಅದರ ಸವೆತಾನೂ ಹೊಸದಕ್ಕೆ ಹಾಗೇ ಬಂತು."

"ಎಣ್ಣೆ ವಿಷಯ ನಿಮಗೆ ಗೊತ್ತಿತ್ತಾ?"

"ಅವರೇ ಹೇಳಿದ್ರು. ಮಗಳು ಪ್ರೀತಿಯಿಂದ ಹಾಕ್ತಾಳೆ, ಬೇಡ ಅನ್ನೋಕೆ ಮನಸ್ಸು ಬರಲ್ಲ ಅಂತ."

"ಮತ್ತೆ ಅವತ್ತು ಯಾಕೆ ಸುಮ್ಮನಿದ್ರಿ?"

"ನನ್ನನ್ನ ಬೈಕೊಂಡು ನೀನು ಹೇಗೋ ಬದುಕ್ತೀಯ. ನಿನ್ನನ್ನೇ ಬೈಕೊಳ್ಳೋಕೆ ಶುರು ಮಾಡಿದ್ರೆ...?"

ಅವಳು ಅಮ್ಮನ ಕಾಲ ಬಳಿ ಕೂತಳು. "ಅಮ್ಮಾ... ನಾನೇ..."

ಅಮ್ಮನ ಮಾತು ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. "ಹುಚ್ಚೀ... ದೇವರು ಕರೆದ ಮೇಲೆ ನಿಮ್ಮಪ್ಪ ಬೀಗ ತೆಗೀಲಿ ಅಂತ ಕಾಯ್ತಿದ್ರಾ? ಎಣ್ಣೆ ಇನ್ಮೇಲೆ ಮಿಷನ್ನಿಗೆ ಮಾತ್ರ ಹಾಕು."

ಅಳುತ್ತಲೇ ಅವಳಿಗೆ ನಗು ಬಂತು.

ಸಂಜೆಯ ಹೊತ್ತಿಗೆ ಅವನು ಬೀಗ ತೊಳೆದು, ಅದರೊಳಗಿನ ಸವೆದ ತಗಡಿನ ಬಿಲ್ಲೆಗಳನ್ನು ಬದಲಿಸಿ, ಅದರ ಅಳತೆಗೆ ಎರಡು ಹೊಸ ಕೀ ಕೊಯ್ದ. ಕೀ ಬೆಣ್ಣೆಯಂತೆ ತಿರುಗಿತು.

"ಅಷ್ಟು ಜನರ ಮುಂದೆ ನಿಮಗೆ ಹಾಗೆ ಅಂದೆ... ಕ್ಷಮಿಸ್ತೀರಾ?"

"ಅವತ್ತೇ ಕ್ಷಮಿಸಿದ್ದೆ. ನೀನು ಈ ಕಡೆ ತಿರುಗಿ ನೋಡ್ಲಿಲ್ಲ, ಅಷ್ಟೇ."

ಅವಳು ಒಂದು ಕೀ ಇಟ್ಟುಕೊಂಡು ಇನ್ನೊಂದನ್ನು ಅವನತ್ತ ಚಾಚಿದಳು.

"ಇದು ನಿಮ್ಮ ಹತ್ರ ಇರಲಿ."

"ಬೀಗ ಇನ್ನು ಸಿಕ್ಕಿಕೊಳ್ಳಲ್ಲ. ನನಗ್ಯಾಕೆ?"

"ಮನೆಯವರ ಹತ್ರ ಒಂದು ಕೀ ಇರಬೇಕಲ್ವಾ?"

ಅವನು ಕಣ್ಣು ಮಿಟುಕಿಸದೆ ನೋಡಿದ. "ನಿಜವಾಗಿ ಹೇಳ್ತಿದ್ದೀಯಾ?"

"ನೂರು ಎಣಿಸ್ತೀನಿ. ತಗೊಳ್ಳಲಿಲ್ಲ ಅಂದ್ರೆ... ಸುತ್ತಿಗೆ ಇಲ್ಲೇ ಇದೆ! ಒಂದು..."

ಎರಡು ಅನ್ನುವ ಮೊದಲೇ ಕೀ ಅವನ ಕೈಯಲ್ಲಿತ್ತು. ಅವಳ ಕೈಯೂ.