ಪಾಯಣ್ಣ ಪಂಡಿತ ಒಪ್ಪಿಕೊಂಡ ತಪ್ಪು

ಹಡಗಿನಿಂದ ಇಳಿದ ಕುದುರೆಗಳು ಶಂಖಪಟ್ಟಣದ ರಾಜಬೀದಿಯಲ್ಲಿ ಸಾಲಾಗಿ ಸಾಗುತ್ತಿದ್ದವು. ಪಟ್ಟಾಭಿಷೇಕಕ್ಕೆ ಐದೇ ದಿನವಿದ್ದುದರಿಂದ ಮನೆಮನೆಗೂ ತೋರಣ ಏರಿತ್ತು. ಜನ ಮಾತ್ರ ಎರಡನ್ನೂ ಕಣ್ಣೆತ್ತಿ ನೋಡಲಿಲ್ಲ. ಪಟ್ಟವೇರಬೇಕಿದ್ದ ಹನ್ನೆರಡು ವರ್ಷದ ರಾಜಕುಮಾರಿ ಲಕುಮಾದೇವಿಯ ಕೂದಲು ಉದುರುತ್ತಿದೆಯೆಂಬ ಸುದ್ದಿ ಹಬ್ಬಿ, ಊರಿಗೆ ಊರೇ ವೈದ್ಯವೃತ್ತಿಗಿಳಿದಿತ್ತು. ಕೆಲವರು ಮಾಟವೆಂದರು, ಹಲವರು ಕುಷ್ಠವೆಂದರು.

ಕುಷ್ಠ ತಗುಲಿದವರಿಗೂ ಚಿತ್ತ ಕೆಟ್ಟವರಿಗೂ ಪಟ್ಟವಿಲ್ಲವೆಂಬುದು ಆ ನಾಡಿನ ಕಟ್ಟಳೆ. ಅವಳಿಗೆ ತಪ್ಪಿದರೆ ಸಿಂಹಾಸನ ಚಿಕ್ಕಪ್ಪ ಬಿರ್ಮಣರಸನದು. ಹಾಗಾಗಿ ಮಗುವಿನ ಆರೋಗ್ಯದ ಬಗ್ಗೆ ಎಲ್ಲರಿಗಿಂತ ಹೆಚ್ಚು ಕಳವಳಪಟ್ಟವನು ಅವನೇ. ಅರಮನೆಯ ವೈದ್ಯ ಪಾಯಣ್ಣ ಪಂಡಿತನಿಗೆ, "ಪರೀಕ್ಷಿಸಿ. ನಾಳೆ ತುಂಬಿದ ಸಭೆಯಲ್ಲಿ ರೋಗದ ಹೆಸರು ಹೇಳಿ" ಎಂದು ಅಪ್ಪಣೆ ಮಾಡಿದ.

ಪಾಯಣ್ಣ ಅವಳನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿ ಕೂದಲನ್ನು ಎಳೆಎಳೆಯಾಗಿ ಬಿಡಿಸಿದ. ಬಲಗಿವಿಯ ಮೇಲೆ ಅಂಗೈಯಗಲ ಬೋಳಾಗಿತ್ತು. ಹೊಟ್ಟಿಲ್ಲ, ಕೀವಿಲ್ಲ, ಮುಟ್ಟಿದ್ದು ಅವಳಿಗೆ ತಿಳಿಯುತ್ತಿತ್ತು. ಕುಷ್ಠವಲ್ಲ. ಕೂದಲು ತಾನಾಗಿ ಉದುರಿದ್ದರೆ ಚರ್ಮ ನುಣುಪಾಗಿರಬೇಕಿತ್ತು. ಇಲ್ಲಿ ಗಿಡ್ಡ, ಉದ್ದ, ಮುರಿದ ಮೋಟುಗಳು. ಅವನು ದಾಸಿಯರನ್ನು ಹೊರಗೆ ಕಳಿಸಿದ.

"ಯಾವಾಗಿನಿಂದ ಕೀಳುತ್ತಿದ್ದೀರಿ, ತಾಯಿ?"

"ಅಮ್ಮ ಹೋದಾಗಿನಿಂದ," ಎಂದಳು ಲಕುಮಾದೇವಿ. "ಕಿತ್ತರೆ ಚುರ್ ಅನ್ನುತ್ತೆ, ಅಜ್ಜ. ಅಷ್ಟು ಹೊತ್ತು ಅಮ್ಮ ನೆನಪಾಗಲ್ಲ."

"ಯಾರಿಗೂ ಹೇಳಲಿಲ್ಲವೇ?"

"ಯಾರೂ ಕೇಳಲಿಲ್ಲ. ಎಲ್ಲರೂ ಎಣ್ಣೆ ಹಚ್ಚಿದರು."

ಆ ಎಣ್ಣೆಯನ್ನು ಮೂರು ತಿಂಗಳಿಂದ ಕಾಯಿಸಿ ಕಳಿಸುತ್ತಿದ್ದವನು ಪಾಯಣ್ಣನೇ.

"ಇದಕ್ಕೆ ಮದ್ದಿದೆಯಾ?"

"ಇದೆ. ದಿನಾ ಸಂಜೆ ನನ್ನೊಡನೆ ಹೂ ಕಟ್ಟುತ್ತ ಕೂರಬೇಕು. ಅಮ್ಮನ ಕತೆ ಹೇಳಬೇಕು."

"ದಿನಾ ಬರ್ತೀರಾ?"

"ಬರುತ್ತೇನೆ."

ಮರುದಿನ ಸಭೆಯಲ್ಲಿ ಪಾಯಣ್ಣ ಎದ್ದು ನಿಂತ. ನಿಜ ಹೇಳಿದರೆ ಹುಡುಗಿಗೆ ಚಿತ್ತ ಕೆಟ್ಟಿದೆಯೆಂದು ಅಲ್ಲಿಯೇ ತೀರ್ಮಾನವಾಗುತ್ತಿತ್ತು.

"ಇದು ರೋಗವಲ್ಲ, ಪ್ರಭು. ನನ್ನ ಎಣ್ಣೆಗೆ ಚಿತ್ರಮೂಲದ ರಸ ಮಿತಿಮೀರಿ ಬಿತ್ತು. ಕೂದಲು ಸುಟ್ಟಿತು."

"ನಲವತ್ತು ವರ್ಷದ ವೈದ್ಯರಿಗೆ ಎಣ್ಣೆ ಕಾಯಿಸಲು ಬರಲಿಲ್ಲವೇ?" ಎಂದ ಬಿರ್ಮಣರಸ.

"ಕಣ್ಣು ಮಂಜಾಗಿದೆ, ಪ್ರಭು."

ಸಭೆ ಮನಸಾರೆ ನಕ್ಕಿತು. ಲಕುಮಾದೇವಿ ಮಾತ್ರ ಎದ್ದಳು. "ಅಜ್ಜ, ಅದು..."

"ಕೂತುಕೊಳ್ಳಿ, ತಾಯಿ. ಗಾಯ ಇನ್ನೂ ಹಸಿಯಾಗಿದೆ."

ಅವಳು ಕೂತಳು. ಗಾಯಕ್ಕೆ ಪಟ್ಟ ತಪ್ಪುವುದಿಲ್ಲ. ಗಾಯ ಮಾಡಿದವನಿಗೆ ಗಡೀಪಾರು ತಪ್ಪುವುದಿಲ್ಲ. ಆದರೆ ಅಂಥ ಆಜ್ಞೆಗೆ ಪಟ್ಟದಲ್ಲಿರುವವರ ಮುದ್ರೆಯೇ ಬೀಳಬೇಕು. ಹೀಗಾಗಿ ಮುತ್ತಿನ ಜಾಲರಿಯಲ್ಲಿ ತಲೆ ಮುಚ್ಚಿಕೊಂಡು ಸಿಂಹಾಸನವೇರಿದ ರಾಣಿಯ ಮುಂದೆ ಬಂದ ಮೊದಲ ಓಲೆ ಅದೇ ಆಯಿತು. ರಾಣಿಯ ಗಾಂಭೀರ್ಯವನ್ನು ಬಿರ್ಮಣರಸನೂ ಹೊಗಳಿದನಂತೆ.

ಗಡಿಯ ಹೊಳೆಯ ಬಳಿ ಕಾವಲಿನವನು ಓಲೆಯನ್ನು ಪಾಯಣ್ಣನ ಕೈಗಿತ್ತ. ಅರಗಿನ ಮೇಲೆ ಮುದ್ರೆ ನೆಟ್ಟಗೆ ಬಿದ್ದಿತ್ತು. ಅದರ ಅಂಚಿನಲ್ಲಿ ಒಂದು ಉದ್ದ ಕೂದಲು ಅಂಟಿಕೊಂಡಿತ್ತು, ಬುಡಸಮೇತ.

ಕಾವಲಿನವನು ಕಾಣುವ ಮುನ್ನ ಪಾಯಣ್ಣ ಅದನ್ನು ಉಗುರಿನಿಂದ ಬಿಡಿಸಿ, ಮುಷ್ಟಿ ಬಿಗಿದುಕೊಂಡು ನೀರಿಗಿಳಿದ.